ತಪ್ಪೆಲ್ಲ ಹ್ಯಾಂಡಲ್‌ದು

ನನ್ನ ಬೆರಳು ಸುಡುತ್ತಿದೆ ಎಂದು ನನಗೆ ಹೇಳಿದ್ದು ಮೂಗು. ಅಮೆರಿಕದ ಕಾನ್ಸಾಸ್‌ನಲ್ಲಿ, ಹೆಸರೂ ನೆನಪಿಲ್ಲದ ಒಂದು ಸಣ್ಣ ಊರಿನ ಪಾರ್ಕಿನಲ್ಲಿ ಡೇರೆ ಹಾಕಿ, ಅಂಗೈಯಗಲದ ಗ್ಯಾಸ್ ಒಲೆಯ ಮೇಲೆ ಅನ್ನಕ್ಕಿಟ್ಟು ಕುಳಿತಿದ್ದೆ. ಇನ್ನೂ ಬಿಸಿಲಿತ್ತು. ಏನೋ ಸುಟ್ಟ ವಾಸನೆ ಬಂತು. ಅನ್ನ ತಳ ಹಿಡಿಯಿತೇನೋ ಎಂದು ಮುಚ್ಚಳ ತೆಗೆದರೆ ಅಕ್ಕಿ ಇನ್ನೂ ನೀರಿನಲ್ಲಿ ಕುಣಿಯುತ್ತಿತ್ತು. ಡೇರೆಯ ಬಟ್ಟೆಗೆ ಕಿಡಿ ಹಾರಿತೇ ಎಂದು ತಿರುಗಿ ನೋಡಿದೆ. ಕೊನೆಗೆ ಕೆಳಗೆ ನೋಡಿದರೆ, ನನ್ನ ಎಡಗೈಯ ಕಿರುಬೆರಳು ಒಲೆಯ ಕಬ್ಬಿಣದ ಕಾಲಿಗೆ ಒರಗಿಕೊಂಡಿತ್ತು. ಚರ್ಮ ಬೆಳ್ಳಗೆ ಬೊಬ್ಬೆ ಎದ್ದಿತ್ತು. ನೋವು ಮಾತ್ರ ಇರಲಿಲ್ಲ.

ಆಗ ನಾನು ಏನು ಮಾಡಿದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ನಕ್ಕೆ. ಬೆರಳಿನ ಫೋಟೊ ತೆಗೆದು, ದೂರದೂರ ಸೈಕಲ್ ತುಳಿಯುವವರ ಒಂದು ವಾಟ್ಸಾಪ್ ಗುಂಪಿಗೆ ಕಳಿಸಿದೆ. ಅನ್ನ ಬೇಯುವಷ್ಟರಲ್ಲಿ ಏಳೆಂಟು ಉತ್ತರ ಬಂದವು. ದಿನವಿಡೀ ಹ್ಯಾಂಡಲ್ ಮೇಲೆ ಭಾರ ಹಾಕಿದರೆ ಅಂಗೈಯ ನರ ಒತ್ತಿಕೊಂಡು ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ, ಎಲ್ಲರಿಗೂ ಆಗುವುದೇ, ಮನೆಗೆ ಹೋದಮೇಲೆ ತಾನೇ ಸರಿಹೋಗುತ್ತದೆ ಎಂದರು. ಅದು ಸುಳ್ಳಲ್ಲ, ಬಹಳ ಮಂದಿಗೆ ಹಾಗೆಯೇ ಆಗುತ್ತದೆ. ಸೈಕಲ್ ಮಂದಿಗೆ ಜೋಮು ಹಿಡಿದ ಬೆರಳೆಂದರೆ ಒಂದು ನಮೂನೆ ಪದಕ. ನಾನೂ ಆ ಪದಕ ಹಾಕಿಕೊಂಡೆ, ಬೊಬ್ಬೆಗೆ ಪಟ್ಟಿ ಸುತ್ತಿಕೊಂಡೆ, ಮರುದಿನ ಎಂದಿನಂತೆ ಹೊರಟೆ.

ನಾನು ಯಾರು ಎಂಬುದನ್ನು ಹೇಳಿಬಿಡುತ್ತೇನೆ. ಸುರಪುರದ ಕಡೆ ಹೆಣ್ಣುಮಕ್ಕಳ ಒಂದು ಪ್ರೌಢಶಾಲೆಯಲ್ಲಿ ಪಿ.ಟಿ. ಟೀಚರ್. ಮನೆ ಶಹಾಪುರ. ಮನೆಯಲ್ಲಿ ಅವ್ವ, ಅಣ್ಣ ಮಲ್ಲಣ್ಣ, ಅವನ ಹೆಂಡತಿ ನನ್ನ ವೈನಿ ಮಹಾದೇವಿ, ನಾನು. ಹುಡುಗಿಯಾಗಿದ್ದಾಗ ವಿಜಯಪುರದ ಸೈಕ್ಲಿಂಗ್ ಹಾಸ್ಟೆಲ್‌ನಲ್ಲಿ ಬೆಳೆದವಳು. ಮದುವೆಯಾಗಲಿಲ್ಲ, ಅದಕ್ಕೆ ನನಗೇನೂ ದುಃಖವಿಲ್ಲ. ಒಂದು ಕಡೆ ಕೂಡುವುದು ನನ್ನಿಂದ ಆಗುವುದಿಲ್ಲ. "ಈಕಿ ಕುಂಡ್ಯಾಗ ಮುಳ್ಳವ" ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಾಳೆ. ರಜೆ ಸಿಕ್ಕರೆ ಡೇರೆ ಕಟ್ಟಿಕೊಂಡು ಹೊರಟುಬಿಡುತ್ತಿದ್ದೆ. ಹಂಪಿ, ಗೋವಾ, ಒಮ್ಮೆ ಕನ್ಯಾಕುಮಾರಿ. ಕಡೆಗೆ ಅಮೆರಿಕ. ಪೂರ್ವದ ಕಡಲಿಂದ ಪಶ್ಚಿಮದ ಕಡಲಿನವರೆಗೆ, ಒಬ್ಬಳೇ.

"ಒಬ್ಬಾಕಿನೇ? ರಾತ್ರಿ ಎಲ್ಲಿ ಮಲಗ್ತಿ?" ಎಂದು ಓಣಿಯ ಹೆಂಗಸರು ಕೇಳಿದ್ದರು.

"ಡೇರೆದಾಗ."

"ಕುರಿ ಕಾಯೋರಂಗ?"

"ಹೌದ್ರಿ. ಕುರಿ ಇರೂದಿಲ್ಲ, ಅಷ್ಟೇ."

ಬೇಸಿಗೆ ರಜೆಗೆ ಗಳಿಕೆ ರಜೆ ಜೋಡಿಸಿಕೊಂಡು ವರ್ಜೀನಿಯಾದ ಕಡಲ ದಂಡೆಯಿಂದ ಹೊರಟವಳು, ಕೆಂಟಕಿಯಲ್ಲಿ ನಾಯಿಗಳಿಂದ ಓಡಿ, ಒಂದು ಚರ್ಚಿನ ಹಿಂದೆ ಮೂರು ದಿನ ಮಳೆ ಕಾದು, ಅಗ್ನಿಶಾಮಕ ಠಾಣೆಗಳ ಹುಲ್ಲಿನ ಮೇಲೆ ಕೇಳಿಕೊಂಡು ಮಲಗಿ, ಕಾನ್ಸಾಸ್‌ನ ಎದುರುಗಾಳಿಯನ್ನು ಬೈದು ಬೈದು ದಾಟಿದೆ. ಅಲ್ಲಿ ಜೋಳದ ಹೊಲ ನೋಡಿದಾಗ ನಗು ಬಂತು. ಇಷ್ಟು ದೂರ ಬಂದದ್ದು ಇದನ್ನು ನೋಡಲಿಕ್ಕೇ ಎಂದು. ಯಾರೂ ನನ್ನನ್ನು ಕೂಡು ಎನ್ನಲಿಲ್ಲ, ನಿಲ್ಲು ಎನ್ನಲಿಲ್ಲ. ಅಷ್ಟು ಸುಖವಾಗಿ ನಾನು ಎಂದೂ ಇರಲಿಲ್ಲ.

ಕೊಲರಾಡೊದಲ್ಲಿ ಪರ್ವತ ಶುರುವಾಯಿತು. ಆ ದಾರಿಯಲ್ಲೇ ಎಲ್ಲಕ್ಕಿಂತ ಎತ್ತರದ ಘಾಟು ಹತ್ತಿ ಮುಗಿಸಿ, ಇಳಿಜಾರಿಗೆ ಬಿದ್ದೆ. ನಮ್ಮ ಸೈಕಲ್‌ಗಳಲ್ಲಿ ಎಡಗೈಗೆ ಹಿಂದಿನ ಬ್ರೇಕು, ಬಲಗೈಗೆ ಮುಂದಿನದು. ಮೂರನೆಯ ತಿರುವಿನಲ್ಲಿ ಎರಡೂ ಹಿಡಿದೆ. ಎಡಗೈ ಹಿಡಿಯಲಿಲ್ಲ. ಬೆರಳು ಲಿವರ್ ಮೇಲೆಯೇ ಇದ್ದವು, ಮಡಚಿಯೂ ಇದ್ದವು, ಆದರೆ ಬಲವಿಲ್ಲ. ಬಲಗೈಯೊಂದೇ ಹಿಡಿದು, ಮುಂದಿನ ಗಾಲಿ ಜಲ್ಲಿಯಲ್ಲಿ ಜಾರಿ, ನಾನೊಂದು ಕಡೆ ಸೈಕಲ್ಲೊಂದು ಕಡೆ. ಹಿಂದೆ ಬರುತ್ತಿದ್ದ ಕಾರಿನ ಮುದುಕ ಮುದುಕಿ ಎಬ್ಬಿಸಿ ಕೆಳಗಿನ ಊರಿಗೆ ಕರೆದೊಯ್ದರು.

ಅಲ್ಲಿಯ ಕ್ಲಿನಿಕ್ಕಿನಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದರು. ಮೂಳೆ ಮುರಿದಿರಲಿಲ್ಲ. ಅದು ಸೈಕಲ್ ಸವಾರರು ತುಂಬಿದ ಊರು. ಡಾಕ್ಟರ್ ಗೋಡೆಯ ಮೇಲೂ ಒಂದು ಸೈಕಲ್ ನೇತುಹಾಕಿದ್ದರು. ಎಷ್ಟು ದಿನದಿಂದ ತುಳಿಯುತ್ತಿದ್ದೀರಿ ಎಂದು ಕೇಳಿದರು, ಹೇಳಿದೆ. ಹಾಗಿದ್ದರೆ ಹ್ಯಾಂಡಲ್‌ದೇ ಕೆಲಸ ಎಂದರು. ನಾನೂ ಹೌದು ಎಂದೆ. ಇಬ್ಬರಿಗೂ ಸೈಕಲ್ ಗೊತ್ತಿತ್ತಲ್ಲ, ಬೇರೆ ಏನೂ ತಲೆಗೆ ಬರಲಿಲ್ಲ. ಕೈಗೆ ಬಲ ಬರುವವರೆಗೆ ತುಳಿಯಬೇಡಿ, ಮನೆಗೆ ಹೋಗಿ ತೋರಿಸಿ ಎಂದರು. ಅರ್ಧ ಅಮೆರಿಕ ಅಲ್ಲೇ ಉಳಿಯಿತು. ವಿಮಾನದಲ್ಲಿ ಇಡೀ ದಾರಿ ಎಡಗೈ ಮುಷ್ಟಿ ಮಾಡಿ ಬಿಚ್ಚಿ, ಮಾಡಿ ಬಿಚ್ಚಿ ನೋಡುತ್ತ ಕೂತೆ. ಈ ಕೈ ಮತ್ತೆ ಬ್ರೇಕ್ ಹಿಡಿಯುತ್ತದೋ ಇಲ್ಲವೋ. ಹಿಡಿಯದಿದ್ದರೆ ಒಬ್ಬಳೇ ಎಲ್ಲಿಗೂ ಹೋಗುವಂತಿಲ್ಲ. ಆಮೇಲೆ ಒಂದೂವರೆ ವರ್ಷ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ.

ಶಹಾಪುರಕ್ಕೆ ಬಂದ ದಿನ ಅವ್ವ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. ಸುಟ್ಟ ಗಾಯ ಒಣಗಿತ್ತು. ಕಿರುಬೆರಳು, ಉಂಗುರಬೆರಳು ಒಳಕ್ಕೆ ಬಾಗತೊಡಗಿದ್ದವು. "ಊಟ ಮಾಡು" ಎಂದು ಎದ್ದುಹೋದಳು. ಮಾತಿಗೆ ಮಾತು ಸೇರಿಸುವ ಹೆಂಗಸು, ಅಂದು ಒಂದೇ ಮಾತು. ನಾನದನ್ನು ಗಮನಿಸಿದೆ, ಆದರೆ ದಣಿವಿನಲ್ಲಿ ಬಿಟ್ಟುಬಿಟ್ಟೆ. ಶಾಲೆಯಲ್ಲಿ ಹುಡುಗಿಯರು ನನ್ನ ಹಿಂದೆ "ಅರ್ಧ ಅಮೆರಿಕಾ ಟೀಚರ್ ಬಂದ್ರು" ಎಂದು ಕಿಸಿಕಿಸಿ ನಕ್ಕರು. ಎಡಗೈಯಲ್ಲಿ ಸೀಟಿ ಹಿಡಿದರೆ ಜಾರಿ ಬೀಳುತ್ತಿತ್ತು. ಮೂರು ವಾರ ಹ್ಯಾಂಡಲ್ ಮುಟ್ಟದೆ ಇದ್ದರೂ ಜೋಮು ಬಿಡಲಿಲ್ಲ. ಆಗ ನನಗೂ ಅನುಮಾನ ಬಂತು. ಯಾದಗಿರಿಯ ದೊಡ್ಡ ಆಸ್ಪತ್ರೆಗೆ ಹೋದೆ.

ಮೂಳೆಯವರು ನರದವರ ಕಡೆ, ನರದವರು ಚರ್ಮದವರ ಕಡೆ ಕಳಿಸಿದರು. ಚರ್ಮಕ್ಕೆ ಏನು ಸಂಬಂಧ ಎಂದು ಬೈದುಕೊಳ್ಳುತ್ತಲೇ ಹೋದೆ. ಆ ಕೋಣೆಯ ಮುಂದಿನ ಬೆಂಚಿನಲ್ಲಿ ಏಳೆಂಟು ಜನ. ಬೇರೆ ಬೆಂಚುಗಳಲ್ಲಿ ಮಂದಿ ಒಬ್ಬರ ರೋಗ ಒಬ್ಬರಿಗೆ ಹೇಳಿಕೊಂಡು, ಚೀಟಿ ತೋರಿಸಿಕೊಂಡು, ಹಂಚಿಕೊಂಡು ಶೇಂಗಾ ತಿನ್ನುತ್ತಿದ್ದರು. ಈ ಬೆಂಚಿನಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಬ್ಬಾಕೆ ಸೆರಗಿನಲ್ಲಿ ಕೈ ಮುಚ್ಚಿಕೊಂಡಿದ್ದಳು. ನಾನು ನಾಲ್ಕು ಸಲ ಎದ್ದು, ನಾಲ್ಕು ಸಲ ಓಡಾಡಿ, ನಾಲ್ಕು ಸಲ ಕೂತೆ.

"ಟೀಚರ್ರೇ, ಕುಂದ್ರಿ. ನೀವು ಅಡ್ಡಾಡಿದ್ರ ಪಾಳಿ ಜಲ್ದಿ ಬರೂದಿಲ್ಲ" ಎಂದರು ಬಾಗಿಲಲ್ಲಿದ್ದವರು. ಮಹಬೂಬಸಾಬ್ ಎಂದು ಹೆಸರು, ನಿವೃತ್ತಿಗೆ ಹತ್ತಿರ ಬಂದ ಆರೋಗ್ಯ ಕಾರ್ಯಕರ್ತ.

"ನಾ ಟೀಚರ್ ಅಂತ ನಿಮಗ ಹೆಂಗ ಗೊತ್ತು?"

"ಕುತ್ತಿಗ್ಯಾಗ ಸೀಟಿ ಅದಲ್ರಿ."

ಒಳಗಿದ್ದ ಲೇಡಿ ಡಾಕ್ಟರ್ ಸಣ್ಣ ವಯಸ್ಸಿನವರು. ಕೈ ನೋಡುವ ಮೊದಲು ನನ್ನ ಮೊಣಕೈಯ ಹಿಂದೆ ಬೆರಳಿಟ್ಟು ತಡಕಿದರು. ಅಲ್ಲಿ ನರ ಹಗ್ಗದಂತೆ ದಪ್ಪಗಾಗಿತ್ತು, ನನ್ನ ಬೆರಳನ್ನೂ ಇಡಿಸಿ ತೋರಿಸಿದರು. ಆಮೇಲೆ ಬೆನ್ನು ತೋರಿಸಿ ಎಂದರು. ಎಡ ಹೆಗಲ ಹಿಂದೆ ಅಂಗೈಯಷ್ಟು ತೆಳು ಬಣ್ಣದ ಕಲೆ. ಅದು ನನಗೆ ಗೊತ್ತಿದ್ದದ್ದೇ. ದೀಪಾವಳಿಗೆ ಬೆನ್ನಿಗೆ ಎಣ್ಣೆ ಹಚ್ಚುವಾಗ ಅವ್ವ ಹೇಳಿದ್ದಳು, ಬಿಸಿಲಿನ ಕಲೆ ಎಂದು. ಎಷ್ಟೋ ವರ್ಷದ ಮಾತು. ನಾನು ನೋಡಲಾಗದ ಜಾಗ, ನೋಡಿದವಳು ಹೇಳಿದ್ದು, ನಂಬಿದ್ದೆ.

"ಕಣ್ಣು ಮುಚ್ಚಿಕೊಳ್ಳಿ. ನಾನು ಪೆನ್ನು ಮುಟ್ಟಿಸಿದ ಕಡೆಗೆಲ್ಲ ಬೆರಳಿಟ್ಟು ತೋರಿಸಿ" ಎಂದರು. ಕಣ್ಣು ಮುಚ್ಚಿದೆ. ಮುಟ್ಟಿಸಲಿ ಎಂದು ಕಾಯುತ್ತಿದ್ದೆ. ಕಾದೆ, ಕಾದೆ. ಸಾಕಾಗಿ ಕಣ್ಣು ತೆರೆದರೆ ಪೆನ್ನು ನನ್ನ ಕಿರುಬೆರಳ ಮೇಲೆಯೇ ಇತ್ತು.

ಕುಷ್ಠ ಎಂದರು. ಪೂರ್ತಿ ವಾಸಿಯಾಗುತ್ತದೆ, ವರ್ಷದ ಗುಳಿಗೆ, ಇವತ್ತು ಮೊದಲ ಡೋಸು ನುಂಗಿದರೆ ನಾಳೆ ನಾಡಿದ್ದರಿಂದ ಯಾರಿಗೂ ಹರಡುವ ಭಯವಿಲ್ಲ ಎಂದರು. ಯಾರಿಂದ ಬಂತು ಎಂದು ಹೇಳಲಾಗದು, ಹತ್ತು ಇಪ್ಪತ್ತು ವರ್ಷ ಒಳಗೆ ಸುಮ್ಮನಿದ್ದು ಏಳುವ ರೋಗ ಎಂದರು. ನಾನು ಕೇಳಿದ್ದು ಒಂದೇ. "ಬ್ರೇಕ್ ಹಿಡಿಯಲಿಕ್ಕೆ ಬರ್ತದೇನ್ರಿ?" ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. "ನರ ಕೆಟ್ಟು ಆರು ತಿಂಗಳಾಗಿಲ್ಲ, ಸ್ಟೀರಾಯ್ಡ್ ಕೊಟ್ಟು ನೋಡೋಣ. ಬಲ ಬರಬಹುದು, ಬರದೆಯೂ ಇರಬಹುದು" ಎಂದರು. ಸುಳ್ಳು ಧೈರ್ಯ ಹೇಳದ ಆ ಹುಡುಗಿಯ ಮೇಲೆ ಆವತ್ತು ಸಿಟ್ಟು ಬಂತು. ಈಗ ಗೌರವವಿದೆ.

ಹೊರಗೆ ಬಂದು, ಯಾರೂ ಹೇಳದೆಯೇ ಬೆಂಚಿನ ಮೇಲೆ ಕೂತೆ. ಮಹಬೂಬಸಾಬ್ ನೀರು ಕೊಟ್ಟರು, ಎದುರಿಗೇ ನಿಂತು ಗುಳಿಗೆ ನುಂಗಿಸಿದರು. "ಉಚ್ಚಿ ಕೆಂಪಗ ಬರ್ತದ, ಅಂಜಬ್ಯಾಡ್ರಿ. ಮೈ ಬಣ್ಣ ಕಪ್ಪ ಆಗ್ತದ, ಹೊಳ್ಳಿ ಬರ್ತದ. ಇಷ್ಟಕ್ಕ ಮುಗೀತು. ನಲವತ್ತು ವರ್ಷದ ಮ್ಯಾಗಾತು ನಾ ಈ ಮಂದಿ ಜೋಡಿ ಊಟ ಮಾಡಾಕತ್ತು. ನನ್ನ ಮೂಗು ನೋಡ್ರಿ, ಹೆಂಗ ಅದ?" ಮೂಗು ಸ್ವಲ್ಪ ದೊಡ್ಡದೇ ಇತ್ತು. ಅಳು ಬರುತ್ತಿದ್ದವಳಿಗೆ ನಗು ಬಂತು. ಬೆಂಚಿನ ಮೇಲಿದ್ದ ಸೆರಗಿನ ಹೆಂಗಸೂ ನಕ್ಕಳು, ಅವಳ ಮುಖ ಆಗಲೇ ನಾನು ನೋಡಿದ್ದು.

ಮನೆಯಲ್ಲಿ ಹೇಳಿದೆ. ಅಣ್ಣ ಮೊದಲು ಬಾಗಿಲು ಹಾಕಿದ. "ಯಾರ ಮುಂದೂ ಅನಬ್ಯಾಡ. ಸಾಲ್ಯಾಗಂತೂ ಬ್ಯಾಡೇ ಬ್ಯಾಡ" ಎಂದ. ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯಲು ನಾನು ಹಿಟ್ಟಿನ ಮುಂದೆ ಕೂತರೆ, ವೈನಿ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. "ಕೈ ಸುಟ್ಟಗೊಂಡೀರಿ, ನಿಮಗ ಉರಿ ತಿಳಿಯೂದಿಲ್ಲ" ಎಂದಳು. ಮಾತು ಖರೆ, ಕಾರಣ ಅದಲ್ಲ. ಅದು ಅವಳಿಗೂ ಗೊತ್ತಿತ್ತು ನನಗೂ ಗೊತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಅವ್ವ ಗೋಡೆಗೆ ಆತುಕೊಂಡು ಕಾಳು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. ಎಲ್ಲರಿಗಿಂತ ಅವಳ ಮೇಲೆಯೇ ನನಗೆ ಹೆಚ್ಚು ಸಿಟ್ಟು ಬಂತು, ಯಾಕೆಂದರೆ ಆ ಮನೆಯಲ್ಲಿ ನನ್ನ ಪರ ವಾದಿಸಿ ಗೆಲ್ಲಬಲ್ಲವಳು ಅವಳೊಬ್ಬಳೇ.

ಶಾಲೆಯಲ್ಲಿ ಕೇಳಿದವರಿಗೆ ಹ್ಯಾಂಡಲ್ ಒತ್ತಿ ನರ ಕೆಟ್ಟಿದೆ ಎಂದೆ. ಅಮೆರಿಕದಲ್ಲಿ ನಂಬಿಕೊಂಡು ಓಡಾಡಿದ ತಪ್ಪನ್ನೇ ಇಲ್ಲಿ ಸುಳ್ಳಾಗಿ ಹೇಳಿದೆ, ಎಲ್ಲರೂ ನಂಬಿದರು. ಮೈ ಕಪ್ಪಾದದ್ದಕ್ಕೆ ಬಿಸಿಲೆಂದೆ. ಸ್ಟೀರಾಯ್ಡ್‌ಗೆ ಮುಖ ಊದಿಕೊಂಡದ್ದಕ್ಕೆ ಮಾತ್ರ ಏನೂ ಹೇಳಬೇಕಾಗಲಿಲ್ಲ, "ಅಮೆರಿಕಾದ ಊಟ ಈಗ ಮೈಗಿ ಹತ್ತಾಕತ್ತದ" ಎಂದು ಹೆಡ್‌ಮೇಡಂ ತಾವೇ ಹೇಳಿಕೊಂಡರು. ಹಸಿವೆಯೋ ಹಸಿವೆ. ನಿದ್ದೆ ಇಲ್ಲ. ಡೇರೆ ಬಿಚ್ಚಿ ಮಾಳಿಗೆಯ ಮೇಲೆ ಹಾಕಿ, ಮಡಚಿ, ಮತ್ತೆ ಹಾಕುತ್ತಿದ್ದೆ. ಸೈಕಲ್‌ನ ಹಿಂದಿನ ಗಾಲಿಯನ್ನು ಸ್ಟ್ಯಾಂಡಿಗೆ ಎತ್ತಿ ಕಟ್ಟಿ, ಅಂಗಳದಲ್ಲೇ ಎರಡು ತಾಸು ತುಳಿಯುತ್ತಿದ್ದೆ. ಎಷ್ಟು ತುಳಿದರೂ ಎದುರಿಗೆ ಅದೇ ನಲ್ಲಿ, ಅದೇ ಬಚ್ಚಲ ಗೋಡೆ.

ದಿನಕ್ಕೆರಡು ಸಲ ಕೈಯನ್ನು ಬೋಗುಣಿ ನೀರಿನಲ್ಲಿ ನೆನೆಸಿ, ಎಣ್ಣೆ ಹಚ್ಚಿ, ಬಾಗಿದ ಬೆರಳನ್ನು ಮೇಜಿಗೆ ಒತ್ತಿ ನೆಟ್ಟಗೆ ಮಾಡಬೇಕು. ತಿಂಗಳಿಗೊಮ್ಮೆ ಯಾದಗಿರಿಯಲ್ಲಿ ಪರೀಕ್ಷೆ. ಬೆರಳ ಸಂದಿಯಲ್ಲಿ ಕಾಗದ ಹಿಡಿಸಿ ಎಳೆಯುತ್ತಿದ್ದರು, ನನ್ನ ಕಾಗದ ಗಾಳಿಗೂ ಬೀಳುತ್ತಿತ್ತು. ಪೆನ್ನಿನ ಪರೀಕ್ಷೆ ಇನ್ನೂ ಕಷ್ಟ. ಆಟದಲ್ಲಿ ಬೆಳೆದವಳು ನಾನು, ಸೋಲುವುದು ಗೊತ್ತಿಲ್ಲ. ಮೂರನೇ ತಿಂಗಳು ರೆಪ್ಪೆಯನ್ನು ಎಳ್ಳಷ್ಟು ತೆರೆದಿಟ್ಟುಕೊಂಡು ಮುಟ್ಟಿಸಿದ ಕಡೆಗೆಲ್ಲ ಬೆರಳಿಟ್ಟೆ. ಹತ್ತಕ್ಕೆ ಹತ್ತು.

ಮಹಬೂಬಸಾಬ್ ಪೆನ್ನಿನ ಟೋಪಿ ಹಾಕಿದರು. "ಟೀಚರ್ರೇ, ನಿಮ್ಮ ಹುಡುಗ್ಯಾರು ಕಾಪಿ ಹೊಡದ್ರ ಏನ್ ಮಾಡ್ತೀರಿ?"

"ಬಡೀತೀನಿ."

"ನಿಮ್ಮನ್ನ ಯಾರು ಬಡೀಬೇಕು?" ಎಂದು ಟವೆಲ್ ತೆಗೆದು ನನ್ನ ಕಣ್ಣಿಗೆ ಕಟ್ಟಿದರು. ಮತ್ತೆ ಶುರುಮಾಡಿದರು. ಹತ್ತಕ್ಕೆ ಮೂರು. ಟವೆಲ್ ಬಿಚ್ಚಿದಾಗ ನಾನು ಅಳುತ್ತಿದ್ದೆ. "ಹೋದ ತಿಂಗಳು ಎರಡಿತ್ತು, ಈಗ ಮೂರು. ಒಂದು ಹೆಚ್ಚಾತಲ್ಲ, ಯಾಕ ಅಳ್ತೀರಿ?" ಎಂದರು. ಆ ಒಂದನ್ನು ಹಿಡಿದುಕೊಂಡು ಇಡೀ ತಿಂಗಳು ಬದುಕಿದೆ.

ಮನೆಯವರೆಲ್ಲರನ್ನೂ ಒಮ್ಮೆ ಪರೀಕ್ಷೆ ಮಾಡಿ, ಬಾರದಂತೆ ಒಂದೊಂದು ಡೋಸು ಗುಳಿಗೆ ಕೊಡುವ ಪದ್ಧತಿಯಿದೆ. ಅಣ್ಣ ಇವತ್ತು ನಾಳೆ ಎಂದು ಸತಾಯಿಸಿ ತಿಂಗಳುಗಳನ್ನೇ ಕಳೆದ. ಕಡೆಗೊಂದು ಭಾನುವಾರ ಮಹಬೂಬಸಾಬ್ ತಾವೇ ಬಂದರು. ಇಲಾಖೆಯ ಗಾಡಿ ತರಬೇಡಿ ಎಂದಿದ್ದೆ. ಚರ್ಮದ ಬ್ಯಾಗ್ ಬಗಲಲ್ಲಿ ಹಿಡಿದು, "ಓಣ್ಯಾಗ ಕೇಳಿದ್ರ ಇನ್ಸೂರೆನ್ಸಿನಾವ ಬಂದಿದ್ದ ಅಂತ ಹೇಳ್ರಿ" ಎಂದು ಒಳಗೆ ಬಂದರು. ಬಾಗಿಲಲ್ಲಿ ಅವ್ವ ನಿಂತಿದ್ದಳು. ಅವಳನ್ನು ನೋಡಿ ಅವರು ತಲೆ ತಗ್ಗಿಸಿದರು. ಹಿರಿಯ ಹೆಂಗಸೆಂದು ಹಾಗೆ ಮಾಡಿದರು ಅಂದುಕೊಂಡೆ.

ಗುಳಿಗೆ ಮುಂದಿಟ್ಟಾಗ ವೈನಿ ಹಿಂದೆ ಸರಿದಳು. "ನಾವ್ಯಾಕ ನುಂಗೂಣ್ರಿ ಇದನ್ನ? ನಮ್ಮ ಮನ್ಯಾಗ ಅಂಥಾ ಬ್ಯಾನಿ ಯಾರಿಗೂ ಬಂದಿಲ್ಲ. ಇವ್ರು ಎಲ್ಲೆಲ್ಲೋ ತಿರಗ್ಯಾರ, ಎಲ್ಲಿಂದೋ ಹಚಗೊಂಡು ಬಂದಾರ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಕೈ ಎತ್ತಿದಳು.

"ಮಹಾದೇವಿ, ಆಕಿ ಎಲ್ಲಿಂದೂ ಹಚಗೊಂಡು ಬಂದಿಲ್ಲ. ನನಗ ಆಗಿತ್ತು. ಆವಾಗ ಕೆಂಭಾವ್ಯಾಗ ಇದ್ವಿ. ಈಕಿ ಇನ್ನ ನಡಿಯಾಕ ಕಲತಿದ್ದಿಲ್ಲ. ಅಮಾಸಿಗೊಮ್ಮೆ ಕೊಡೇಕಲ್ಲಿಗಿ ಹೋಗತಿದ್ನಲ್ಲ, ದೇವ್ರಿಗಷ್ಟೇ ಹೋಗತಿದ್ದಿಲ್ಲ. ಬಸ್ ನಿಂದ್ರೂ ಕಡಿ ಗಿಡದ ಬುಡಕ ಗುಳಿಗಿ ಕೊಡತಿದ್ರು. ಇವ್ರೇ ಕೊಡತಿದ್ರು, ಸೈಕಲ್ ಮ್ಯಾಗ ಪೆಟಿಗಿ ಕಟಗೊಂಡು ಬಂದು."

ಮಹಬೂಬಸಾಬ್ ಫ್ಯಾನ್ ನೋಡುತ್ತಿದ್ದರು. "ನನಗ ನೆನಪಿಲ್ರಿ ಅವ್ವಾರ."

"ಸುಳ್ಳ ಹೇಳಬ್ಯಾಡ್ರಿ ಸಾಬ್ರ. ಈಗ ಬಾಗಲದಾಗ ನೋಡಿದ ಕೂಡ್ಲೇ ಗುರುತು ಹಿಡದೀರಿ." ಅವ್ವ ವೈನಿಯ ಕಡೆ ತಿರುಗಿದಳು. "ಈ ಮನಿಗಿ ನೀ ಸೊಸಿ ಆಗಿ ಬಂದಾಗಿಂದ ನನ್ನ ಕೈ ರೊಟ್ಟಿ ತಿಂದಿ. ನಿನ್ನ ಗಂಡಂತೂ ಹುಟ್ಟಿದಾಗಿಂದ ತಿಂದಾನ. ಏನಾಗ್ಯದ ನಿಮಗ?" ಅಷ್ಟು ಹೇಳಿ ನನ್ನ ಕಡೆ ನೋಡಿದಳು. ಮೊದಲ ಗುಳಿಗೆ ತಾನೇ ನುಂಗಿದಳು. ಅಣ್ಣ ನುಂಗಿದ. ವೈನಿ ಕಣ್ಣು ಮುಚ್ಚಿ ನುಂಗಿದಳು. ಮಹಬೂಬಸಾಬ್ ಮೂವರ ಹೆಸರ ಮುಂದೆಯೂ ಗುರುತು ಹಾಕಿ, ಚಹಾ ಕುಡಿದು, ಲೋಟ ಕೆಳಗಿಟ್ಟು ಹೋದರು. ಮರುದಿನದಿಂದ ಹಿಟ್ಟಿನ ಬುಟ್ಟಿ ನಡುವೆಯೇ ಇರುತ್ತಿತ್ತು, ಯಾರೂ ಎಳೆದುಕೊಳ್ಳಲಿಲ್ಲ.

ನನಗೆ ಅದು ಸಾಲಲಿಲ್ಲ. ಆ ಭಾನುವಾರವೇ, ಮಹಬೂಬಸಾಬ್ ಹೋದ ಮೇಲೆ, ಹಿತ್ತಲಿಗೆ ಅವ್ವನ ಹಿಂದೆ ಹೋದೆ. ಆ ಮಾತುಗಳು ನನಗೆ ಒಂದೂ ಮರೆತಿಲ್ಲ.

"ದೀಪಾವಳಿಗೆ ಎಣ್ಣಿ ಹಚ್ಚುವಾಗ ಆ ಕಲಿ ನೋಡಿದ್ದಿ."

"ನೋಡಿದ್ದೆ."

"ಬಿಸಲಿನ ಕಲಿ ಅಂದಿ."

"ಅಂದೆ."

"ಗೊತ್ತಿದ್ದೂ ಅಂದಿ."

"ಗೊತ್ತಿತ್ತು ಅಂತ ಅನಬ್ಯಾಡ. ಅಂಜಿಕಿ ಇತ್ತು. ಬಾಯಿಲೆ ಅಂದ್ರ ಅದೇ ಆಗ್ತದ ಅಂತ ಅಂಜಿಕಿ. ಊರಾಗ ಗೊತ್ತಾದ್ರ ನಿನಗ ಯಾರು ನೌಕರಿ ಕೊಡತಿದ್ರು, ಯಾರು ಸೈಕಲ್ ಹತ್ತಾಕ ಬಿಡತಿದ್ರು?"

"ಆವಾಗೇ ಹೇಳಿದ್ರ ನನ್ನ ಬೆರಳು ಉಳೀತಿತ್ತವ್ವ."

ವಾದಿಸುತ್ತಾಳೆ ಎಂದು ಕಾದಿದ್ದೆ. ವಾದಕ್ಕೆ ನನ್ನಲ್ಲಿ ಹತ್ತು ಮಾತು ತಯಾರಿದ್ದವು. ಅವಳು, "ಹೌದು. ಉಳೀತಿತ್ತು" ಎಂದಳು. ಎಂದು, ಬೋಗುಣಿಯಲ್ಲಿ ನನ್ನ ಕೈಗೆ ನೀರು ತುಂಬಿಟ್ಟು ಒಳಗೆ ಹೋದಳು. ನಾನು ಆ ಬೋಗುಣಿಯನ್ನು ಒದ್ದೆ. ಆಮೇಲೆ ನಾನೇ ತುಂಬಿಕೊಂಡೆ. ಎರಡು ತಿಂಗಳು ನಾನು ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಇದನ್ನು ಓದುವವರಿಗೆ ನಾನು ಒಳ್ಳೆಯ ಮಗಳಾಗಿ ಕಾಣಬೇಕೆಂದು ಸುಳ್ಳು ಬರೆಯಲಾರೆ. ಅವಳ ಹೆದರಿಕೆ ನನಗೆ ಅರ್ಥವಾಗುತ್ತಿತ್ತು. ಅರ್ಥವಾದರೂ ಕ್ಷಮಿಸಲಾಗುತ್ತಿರಲಿಲ್ಲ.

ವರ್ಷದ ಗುಳಿಗೆ ಮುಗಿಯಿತು. ಕಲೆ ಮಾಸಿತು, ಮೈಬಣ್ಣ ನಿಧಾನವಾಗಿ ಮರಳುತ್ತಿದೆ. ಉಂಗುರಬೆರಳಿಗೆ ಸ್ಪರ್ಶ ಬಂತು. ಕಿರುಬೆರಳಿಗೆ ಬರಲಿಲ್ಲ, ಇನ್ನು ಬರುವುದಿಲ್ಲ ಎಂದಿದ್ದಾರೆ. ಈಗ ದಿನಾ ಸಂಜೆ ಅದನ್ನು ಕಣ್ಣಿನಿಂದಲೇ ವಿಚಾರಿಸಿಕೊಳ್ಳುತ್ತೇನೆ, ಸುಟ್ಟಿದೆಯೇ, ಕೊಯ್ದಿದೆಯೇ ಎಂದು. ನಿಮ್ಮ ಮೈಮೇಲೆ ಚಿವುಟಿದರೂ ಗೊತ್ತಾಗದ ಕಲೆಯಿದ್ದರೆ, ಬೆನ್ನಿನಲ್ಲಿದ್ದರೆ ಇನ್ನೊಬ್ಬರ ಕಣ್ಣಿಗೆ ತೋರಿಸಿಯಾದರೂ, ಆ ಬೆಂಚಿನ ಮೇಲೆ ಹೋಗಿ ಕೂತುಕೊಳ್ಳಿ. ನಾಚಿಕೆಗೆ ಆಮೇಲೆ ಬೇಕಾದಷ್ಟು ಸಮಯವಿದೆ. ಶಾಲೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಇದು ಅಚ್ಚಾದ ಮೇಲೆ ತಾವೇ ಓದಿಕೊಳ್ಳಲಿ.

ಮಣಿಕಟ್ಟಿಗೆ, ಉಳಿದ ಬೆರಳುಗಳಿಗೆ ಬಲ ಬಂದಿದೆ ಎಂದು ಡಾಕ್ಟರ್ 'ತುಳಿದು ನೋಡಿ' ಎಂದರು. ಸಮತಟ್ಟು ರಸ್ತೆಯಲ್ಲಿ ತುಳಿದೆ, ಅದೇನೂ ದೊಡ್ಡದಲ್ಲ. ಇಳಿಜಾರು ಬೇಕಿತ್ತು. ಎಡಗೈಯೊಂದರಿಂದಲೇ ನಿಲ್ಲಿಸಬೇಕಿತ್ತು. ಹೋದ ತಿಂಗಳು ಒಂದು ರವಿವಾರ ಬೆಳಿಗ್ಗೆ ಸುರಪುರದ ಗುಡ್ಡದ ರಸ್ತೆಗೆ ಹೋಗುತ್ತೇನೆಂದು ಅಣ್ಣನಿಗೆ ಹೇಳಿದೆ. ಬೀಳುವುದಾದರೆ ಎತ್ತಲು ಒಬ್ಬರು ಇರಲಿ ಎಂದು. ಅಣ್ಣನ ಬೈಕಿನ ಹಿಂದೆ ಅವ್ವ ಕೂತಿದ್ದಳು. ಕರೆದವರು ಯಾರೂ ಇಲ್ಲ.

ನಾನು ಮೇಲೆ ಹತ್ತಿ ಸೈಕಲ್ ತಿರುಗಿಸಿದೆ. ಎರಡೂ ಕಡೆ ಬಂಡೆ, ನಡುವೆ ಖಾಲಿ ರಸ್ತೆ. ಕೆಳಗೆ ನೋಡಿದರೆ ಅವ್ವ ರಸ್ತೆಯ ನಡುವೆ ನಿಂತಿದ್ದಾಳೆ. ಬದಿಗೆ ಸರಿ ಎಂದು ಕೂಗಿದೆ. ಸರಿಯಲಿಲ್ಲ. ಅಣ್ಣ ಕೈ ಹಿಡಿದು ಎಳೆದ, ಕೊಡವಿಕೊಂಡಳು. ಸೈಕಲ್ ಬಿಟ್ಟು ಇಳಿದುಬಂದೆ.

"ಇದೇನು ಹುಚ್ಚು? ಸರಿ ಆ ಕಡಿ."

"ನಾ ಇಲ್ಲೇ ನಿಂದ್ರತೀನಿ. ಬ್ರೇಕ್ ಹತ್ತಲಿಲ್ಲಂದ್ರ ನನ್ನ ಮ್ಯಾಗೇ ಬಾ."

"ಕಾಲು ಮುರಕೊಂಡು ಬೀಳ್ತಿ."

"ಬೀಳ್ತೀನಿ. ನನ್ನಿಂದಾಗಿ ಕೆಟ್ಟ ಕೈ ಅದು. ಬೀಳೂದಾದ್ರ ಇಬ್ರೂ ಬೀಳೂಣು."

ಅಣ್ಣ ಮುಖ ಆ ಕಡೆ ತಿರುಗಿಸಿದ. ನಾನು ವಾಪಸು ಹತ್ತಿದೆ. ಹೋಗದೆ ಇದ್ದುಬಿಡಬಹುದಿತ್ತು, ಅದನ್ನೂ ಯೋಚಿಸಿದೆ. ಆದರೆ ಹೋಗದಿದ್ದರೆ ಅವಳು ಸಂಜೆಯವರೆಗೂ ಅಲ್ಲೇ ನಿಲ್ಲುವವಳು. ಬಲಗೈಯನ್ನು ಬ್ರೇಕಿನಿಂದ ದೂರ ಇಟ್ಟು, ಇಳಿಜಾರಿಗೆ ಬಿಟ್ಟೆ. ಸೈಕಲ್ ಓಡಿತು. ಗಾಳಿ ಕಿವಿಯಲ್ಲಿ ತುಂಬಿತು. ಬಂಡೆ ದಾಟಿದೆ, ಕಲ್ಲಿನ ಕಂಬ ದಾಟಿದೆ, ಅವಳ ಸೀರೆಯ ಅಂಚು ಕಾಣತೊಡಗಿತು. ಎಡಗೈ ಹಿಡಿದೆ. ಮೂರು ಬೆರಳು ಹಿಡಿದವು. ಹಿಂದಿನ ಗಾಲಿ ಕಿರುಗುಟ್ಟಿ, ಸ್ವಲ್ಪ ಹೊಯ್ದಾಡಿ, ನಿಧಾನವಾಯಿತು, ಇನ್ನೂ ನಿಧಾನವಾಯಿತು, ಅವಳಿಂದ ಎರಡು ಮೊಳ ದೂರದಲ್ಲಿ ನಿಂತಿತು. ಅವಳು ಒಂದು ಹೆಜ್ಜೆಯೂ ಅಲುಗಿರಲಿಲ್ಲ.

ನಾನು ಕಾಲು ಊರಿ ನಿಂತೆ. ಇಳಿಯಲು ಆಗಲಿಲ್ಲ. ಎಡಗೈ ಬ್ರೇಕನ್ನು ಹಿಡಿದದ್ದು ಹಿಡಿದೇ ಇತ್ತು, ಬಿಡು ಎಂದರೂ ಬಿಡಲಿಲ್ಲ. ಅವ್ವ ಹತ್ತಿರ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ತೋರುಬೆರಳು, ನಡುಬೆರಳು, ಉಂಗುರಬೆರಳು. ಕಿರುಬೆರಳನ್ನು ಬಿಡಿಸಿದ್ದು ನನಗೆ ತಿಳಿಯಲಿಲ್ಲ, ನೋಡಿದೆ.

"ನಿಂತದ," ಎಂದಳು. "ಬಿಡು ಇನ್ನ."